ಟೂ-ಸ್ಟ್ರೋಕ್ ಯಂತ್ರಗಳಿಗೆ ಹೊಗೆ ಕಡಿಮೆಯಾದ ಎಣ್ಣೆಯನ್ನು ಆರಿಸುವ ಕ್ರಮ
(ಹೊಲದ ಸ್ಪ್ರೇಯರಿಗೂ ಹೊಳೆಯ ದೋಣಿಗೂ ಸಂಬಂಧಿಸಿದ ಕೆಲವು ಸೂಚನೆಗಳು)

ಆಳಂದ ತಾಲೂಕಿನ ಮಟಕಿಯ ಸೀಮೆಯಲ್ಲಿಯೂ, ನೆರೆಯ ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳಲ್ಲಿಯೂ ತೊಗರಿಯು ಒಕ್ಕಲಿಗರ ಮುಖ್ಯ ಆಧಾರವಾಗಿರುವುದು. ಕಲಬುರ್ಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯು ದೊರೆತಿರುವುದನ್ನು ವಾಚಕರು ಬಲ್ಲರು. ಈ ಬೆಳೆಯು ಹೂವು ಬಿಟ್ಟು ಕಾಯಿ ಕಟ್ಟುವ ಕಾಲದಲ್ಲಿ ಕಾಯಿಕೊರಕ ಹುಳುವಿನ ಬಾಧೆಯು ತಲೆದೋರುವುದರಿಂದ ಕೀಟನಾಶಕವನ್ನು ಸಿಂಪಡಿಸಬೇಕಾಗುವುದು. ಆ ವೇಳೆಗೆ ಗಿಡಗಳು ಎದೆಯುದ್ದ, ಕೆಲವು ಕಡೆ ಆಳುದ್ದ ಬೆಳೆದಿರುವುವು. ಆದುದರಿಂದ ಕೈಪಂಪಿನ ಸ್ಥಳದಲ್ಲಿ, ಬೆನ್ನಿಗೆ ಕಟ್ಟಿಕೊಂಡು ನಡೆಯುವ ಪೆಟ್ರೋಲಿನ ಪವರ್ ಸ್ಪ್ರೇಯರುಗಳು ರೂಢಿಗೆ ಬಂದಿರುವುವು. ಇವುಗಳಲ್ಲಿ ಅನೇಕವು ಟೂ-ಸ್ಟ್ರೋಕ್ ಯಂತ್ರಗಳೇ ಆಗಿವೆ.

ಇದೇ ಜಾತಿಯ ಯಂತ್ರವು ನಮ್ಮ ಸೀಮೆಯಲ್ಲಿ ನೀರಿನ ಮೇಲೆಯೂ ಕೆಲಸ ಮಾಡುವುದುಂಟು. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ನದಿಯು ದೇವಲ ಗಾಣಗಾಪುರದ ಬಳಿ ಭೀಮಾನದಿಯನ್ನು ಕೂಡುವುದು. ಅಂಬಿಗರು ಹುಟ್ಟು ಹಾಕಿ ನಡೆಸುವ ಹರಿಗೋಲಿಗೆ ಎಣ್ಣೆಯ ಚಿಂತೆಯಿಲ್ಲ. ಆದರೆ 2020ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಭೀಮೆಗೆ ಮಹಾಪೂರವು ಬಂದಾಗ ಅಫಜಲಪುರ, ಜೇವರ್ಗಿ ಮೊದಲಾದ ತಾಲೂಕುಗಳ ನದೀತೀರದ ಗ್ರಾಮಗಳು ಜಲಾವೃತವಾಗಿ, ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಅಂಥ ಸೆಳವಿನಲ್ಲಿ ಹುಟ್ಟು ಸಾಲದು. ದೋಣಿಯ ಹಿಂಬದಿಗೆ ಬಿಗಿಯುವ ಮೋಟಾರು, ಅಂದರೆ ಔಟ್‌ಬೋರ್ಡ್ ಯಂತ್ರವು ಬೇಕಾಗುವುದು.

ಈ ಎರಡು ಬಗೆಯ ಯಂತ್ರಗಳಿಂದಲೂ ನೀಲಿಯ ಹೊಗೆಯು ಏಳುವುದು ಎಲ್ಲರೂ ಕಂಡ ಸಂಗತಿ. “ಟೂ-ಸ್ಟ್ರೋಕ್ ಎಂದ ಮೇಲೆ ಹೊಗೆ ಇರತಕ್ಕದ್ದೇ” ಎಂದು ಸುಮ್ಮನಾಗುವವರು ಬಹಳ. ಆದರೆ ಈ ಹೊಗೆಯ ಬಹುಭಾಗವನ್ನು ನಿವಾರಿಸಬಹುದು. ಅದಕ್ಕೆ ಬೇಕಾದವು ಮೂರೇ ಸಂಗತಿಗಳು: ಡಬ್ಬಿಯ ಮೇಲಿನ ಗುರುತನ್ನು ಓದಿ ಎಣ್ಣೆಯನ್ನು ಕೊಳ್ಳುವುದು, ಯಂತ್ರವು ತಂಪಾಗುವ ರೀತಿಗೆ ಎಣ್ಣೆಯನ್ನು ಹೊಂದಿಸುವುದು, ಮತ್ತು ಅಳೆದು ಬೆರೆಸುವುದು. ನಮ್ಮ ಕಡೆ “ಎಣ್ಣೆ ಹೊಡೆಯುವುದು” ಎಂದರೆ ಕೀಟನಾಶಕ ಸಿಂಪಡಿಸುವುದೆಂಬ ರೂಢಿಯಿದೆ. ಈ ಲೇಖನದಲ್ಲಿ ಎಣ್ಣೆಯೆಂದರೆ ಪೆಟ್ರೋಲಿಗೆ ಬೆರೆಸುವ ಟೂ-ಟಿ ಆಯಿಲ್ ಎಂದೇ ತಿಳಿಯತಕ್ಕದ್ದು.

1. ಹೊಗೆಯು ಹುಟ್ಟುವ ಕಾರಣ

ಫೋರ್-ಸ್ಟ್ರೋಕ್ ಯಂತ್ರದಲ್ಲಿ ಎಣ್ಣೆಗೆ ಪ್ರತ್ಯೇಕವಾದ ಮನೆಯುಂಟು. ಎಣ್ಣೆಯು ಅಲ್ಲಿಯೇ ಸುತ್ತುತ್ತ ಭಾಗಗಳನ್ನು ನುಣುಪಾಗಿಡುವುದು, ಅದು ಉರಿಯತಕ್ಕದ್ದಲ್ಲ. ಟೂ-ಸ್ಟ್ರೋಕ್ ಯಂತ್ರದ ರಚನೆಯು ಬೇರೆ. ಇಲ್ಲಿ ಪಿಸ್ಟನ್ನು ಒಂದು ಸಾರಿ ಮೇಲಕ್ಕೆ, ಒಂದು ಸಾರಿ ಕೆಳಕ್ಕೆ ಹೋಗಿಬರುವಷ್ಟರಲ್ಲಿ ಒಂದು ಸುತ್ತಿನ ಕೆಲಸವು ಮುಗಿಯುವುದು. ಪೆಟ್ರೋಲು ಮತ್ತು ಗಾಳಿಯ ಮಿಶ್ರಣವು ಮೊದಲು ಪಿಸ್ಟನ್ನಿನ ಕೆಳಗಿನ ಕೋಣೆಗೆ ಬಂದು, ಅಲ್ಲಿಂದ ಮೇಲಕ್ಕೆ ತಳ್ಳಲ್ಪಡುವುದು. ಆ ಕೋಣೆಯಲ್ಲಿ ಎಣ್ಣೆಯನ್ನು ಬೇರೆಯಾಗಿ ನಿಲ್ಲಿಸುವಂತಿಲ್ಲ. ಆದಕಾರಣ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಿ ಕಳುಹಿಸಬೇಕಾಗಿದೆ. ಅದು ಬೇರಿಂಗು, ಪಿಸ್ಟನ್ನು, ಬೋರುಗಳನ್ನು ಸವರಿ, ಕಡೆಗೆ ಪೆಟ್ರೋಲಿನೊಡನೆ ಉರಿದು ಹೊರಗೆ ಹೋಗುವುದು.

ಪೆಟ್ರೋಲು ಹಗುರವಾದುದರಿಂದ ಬೇಗನೆ ಉರಿಯುವುದು. ಎಣ್ಣೆಯು ಭಾರವಾದುದರಿಂದ ಪೂರ್ತಿಯಾಗಿ ಉರಿಯದು. ಉರಿಯದೆ ಉಳಿದ ಎಣ್ಣೆಯ ಸೂಕ್ಷ್ಮ ತುಂತುರುಗಳೇ ನಾವು ಕಾಣುವ ನೀಲಿಯ ಹೊಗೆ. ಇದೂ ಅಲ್ಲದೆ, ಟೂ-ಸ್ಟ್ರೋಕ್ ಯಂತ್ರದಲ್ಲಿ ಹೊಸ ಮಿಶ್ರಣವು ಒಳಗೆ ಬರುವಾಗಲೂ ಸುಟ್ಟ ಅನಿಲವು ಹೊರಗೆ ಹೋಗುವಾಗಲೂ ದ್ವಾರಗಳು ಏಕಕಾಲದಲ್ಲಿ ತೆರೆದಿರುವುದರಿಂದ, ಹೊಸ ಮಿಶ್ರಣದ ಒಂದು ಭಾಗವು ಉರಿಯದೆಯೇ ಹೊರಬೀಳುವುದು. ಅದರೊಡನೆ ಎಣ್ಣೆಯೂ ಹೋಗುವುದು.

2. ಎಣ್ಣೆಯೊಳಗಿನ ಭೇದ

ಹಿಂದಿನ ಸಾಧಾರಣ ಎಣ್ಣೆಗಳಲ್ಲಿ ಕಚ್ಚಾ ತೈಲದಿಂದ ದೊರೆಯುವ ಅತಿ ದಪ್ಪನಾದ ಭಾಗವು ಸೇರಿರುತ್ತಿದ್ದಿತು. ಅದು ಲೋಹವನ್ನು ಚೆನ್ನಾಗಿ ಕಾಪಾಡುವುದಾದರೂ ಉರಿಯುವಾಗ ದಟ್ಟವಾದ ಹೊಗೆಯನ್ನೂ ಮಸಿಯನ್ನೂ ಬಿಡುವುದು. ಹೊಗೆ ಕಡಿಮೆಯಾದ ಎಣ್ಣೆಗಳಲ್ಲಿ ಈ ಭಾಗವನ್ನು ತಗ್ಗಿಸಿ, ಅದರ ಸ್ಥಳದಲ್ಲಿ ಪಾಲಿಐಸೊಬ್ಯುಟಿಲೀನ್ ಎಂಬ ಕೃತಕ ವಸ್ತುವನ್ನು ಸೇರಿಸುವರು. ಇದು ಶಾಖಕ್ಕೆ ಒಡೆದು ಹಗುರವಾದ ಅನಿಲವಾಗಿ, ಹೆಚ್ಚು ಮಸಿಯುಳಿಸದೆ ಉರಿದುಹೋಗುವುದು. ಹೊಗೆ ಕಡಿಮೆಯಾಗುವ ಗುಟ್ಟು ಇಷ್ಟೇ. ಎಣ್ಣೆಯ ಬಣ್ಣ ಕೆಂಪೋ ಹಸಿರೋ ನೀಲಿಯೋ ಎಂಬುದರಿಂದ ಗುಣವು ತಿಳಿಯದು. ಬಣ್ಣವನ್ನು ಗುರುತಿಗೋಸ್ಕರ ಬೆರೆಸಿರುವರು.

ಭಾರತ ಸರಕಾರವು ವಾಹನಗಳ ಟೂ-ಟಿ ಎಣ್ಣೆಯು ಹೊಗೆ ಕಡಿಮೆಯಾದ ದರ್ಜೆಯದಾಗಿಯೇ ಇರಬೇಕೆಂದು 1999ರ ಏಪ್ರಿಲ್ ತಿಂಗಳಿನಿಂದ ಕಟ್ಟು ಮಾಡಿತು. ಆದರೂ ಬಿಡಿಯಾಗಿ ಅಳೆದು ಕೊಡುವ, ಗುರುತಿಲ್ಲದ ಎಣ್ಣೆಯನ್ನು ಅಗ್ಗವೆಂದು ಕೊಳ್ಳುವ ಅಭ್ಯಾಸವಿದ್ದರೆ ಅದನ್ನು ಬಿಡತಕ್ಕದ್ದು.

3. ಡಬ್ಬಿಯ ಮೇಲಿನ ಗುರುತುಗಳು

ಈ ಗುರುತುಗಳು ಇಂಗ್ಲಿಷ್ ಅಕ್ಷರಗಳಲ್ಲಿ ಮುದ್ರಿತವಾಗಿರುವುವು. ಇಂಗ್ಲಿಷ್ ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿಕೊಳ್ಳಬಹುದು. ಮುಖ್ಯವಾದವು ಕೆಳಗಿನಂತಿವೆ:

(ಅ) ಜಾಸೊ: ಇದು ಜಪಾನ್ ದೇಶದ ಮೋಟಾರು ಪ್ರಮಾಣ. ಇದರಲ್ಲಿ ಎಫ್‌ಬಿ, ಎಫ್‌ಸಿ, ಎಫ್‌ಡಿ ಎಂಬ ದರ್ಜೆಗಳುಂಟು. ಒಂದು ಮಾದರಿ ಎಣ್ಣೆಗೆ 100 ಅಂಕಗಳೆಂದು ಇಟ್ಟುಕೊಂಡು ಬೇರೆ ಎಣ್ಣೆಗಳನ್ನು ತೂಗಿ ನೋಡುವರು. ಅಂಕವು ಹೆಚ್ಚಾದಷ್ಟೂ ಗುಣವು ಹೆಚ್ಚು. ದರ್ಜೆಗೆ ಬೇಕಾದ ಕನಿಷ್ಠ ಅಂಕಗಳು:

ಎಫ್‌ಬಿ: ಹೊಗೆಯ ತಡೆ 45, ಹೊಗೆಯ ದಾರಿ ಕಟ್ಟದಿರುವುದು 45, ಪಿಸ್ಟನ್ನಿನ ಶುಚಿ 85.
ಎಫ್‌ಸಿ: ಹೊಗೆಯ ತಡೆ 85, ಹೊಗೆಯ ದಾರಿ ಕಟ್ಟದಿರುವುದು 90, ಪಿಸ್ಟನ್ನಿನ ಶುಚಿ 95.
ಎಫ್‌ಡಿ: ಹೊಗೆಯ ತಡೆ 85, ಹೊಗೆಯ ದಾರಿ ಕಟ್ಟದಿರುವುದು 90, ಪಿಸ್ಟನ್ನಿನ ಶುಚಿ 125.

ಈ ಅಂಕಗಳಿಂದ ಒಂದು ಮುಖ್ಯ ಸಂಗತಿಯು ಸ್ಪಷ್ಟವಾಗುವುದು. ಎಫ್‌ಬಿಯಿಂದ ಎಫ್‌ಸಿಗೆ ಬಂದರೆ ಹೊಗೆಯಲ್ಲಿ ದೊಡ್ಡ ಅಂತರವುಂಟು. ಎಫ್‌ಸಿಯಿಂದ ಎಫ್‌ಡಿಗೆ ಹೋದರೆ ಹೊಗೆಯ ಕಟ್ಟಳೆಯಲ್ಲಿ ಭೇದವಿಲ್ಲ. ಪಿಸ್ಟನ್ನು ಹೆಚ್ಚು ಶುಚಿಯಾಗಿರುವುದೇ ಅದರ ಲಾಭ. ಆದುದರಿಂದ ಹೊಗೆಯನ್ನು ತಗ್ಗಿಸಬೇಕೆನ್ನುವವನು ಎಫ್‌ಸಿಗಿಂತ ಕೆಳಗಿನ ದರ್ಜೆಯನ್ನು ಕೊಳ್ಳಕೂಡದು.

(ಆ) ಐಎಸ್‌ಒ: ಇದು ಅಂತರರಾಷ್ಟ್ರೀಯ ಪ್ರಮಾಣ. ಇದರ ಇಜಿಬಿ, ಇಜಿಸಿ, ಇಜಿಡಿ ಎಂಬ ದರ್ಜೆಗಳು ಸುಮಾರಾಗಿ ಮೇಲಿನ ಮೂರು ದರ್ಜೆಗಳಿಗೆ ಸರಿದೂಗುವುವು.

(ಇ) ಎಪಿಐ ಟಿಸಿ: ಇದು ಅಮೆರಿಕಾ ದೇಶದ ಪ್ರಮಾಣ, ಗಾಳಿಯಿಂದ ತಂಪಾಗುವ ಯಂತ್ರಗಳ ರಕ್ಷಣೆಯನ್ನು ಕುರಿತದ್ದು. ಈ ಗುರುತೊಂದರಿಂದಲೇ ಹೊಗೆ ಕಡಿಮೆಯೆಂದು ನಿಶ್ಚಯಿಸಲಾಗದು.

(ಈ) ಟಿಸಿ-ಡಬ್ಲ್ಯು3: ಇದು ನೀರಿನಿಂದ ತಂಪಾಗುವ ದೋಣಿಯ ಯಂತ್ರಗಳಿಗೆಂದು ಅಮೆರಿಕಾ ದೇಶದ ದೋಣಿ ತಯಾರಕರ ಸಂಘವು ಏರ್ಪಡಿಸಿದ ಗುರುತು.

4. ಗಾಳಿಯಿಂದ ತಂಪಾಗುವ ಸ್ಪ್ರೇಯರು

ಬೆನ್ನಿನ ಸ್ಪ್ರೇಯರಿನ ಯಂತ್ರವು ಚಿಕ್ಕದು. ಬೋರಿನ ಸುತ್ತಲಿನ ರೆಕ್ಕೆಗಳಿಗೆ ಗಾಳಿಯು ತಗಲಿ ಅದು ತಂಪಾಗಬೇಕು. ಹಿಂಗಾರಿನ ಬಿಸಿಲಿನಲ್ಲಿ, ಪೂರ್ಣ ವೇಗದಲ್ಲಿ, ಎಡೆಬಿಡದೆ ಓಡುವಾಗ ಇದರ ಶಾಖವು ಬಹಳ ಏರುವುದು. ಇಂಥ ಶಾಖದಲ್ಲಿ ಪಿಸ್ಟನ್ನಿನ ಉಂಗುರಗಳಿಗೆ ಮಸಿ ಅಂಟದಂತೆ ತೊಳೆಯಲು ಎಣ್ಣೆಯಲ್ಲಿ ಲೋಹಾಂಶವುಳ್ಳ ಶುಚಿಕಾರಕಗಳನ್ನು ಅಲ್ಪ ಪ್ರಮಾಣದಲ್ಲಿ ಸೇರಿಸಿರುವರು. ಸ್ಪ್ರೇಯರಿಗೆ ಎಫ್‌ಸಿ ಉತ್ತಮ, ಎಫ್‌ಡಿ ಅತ್ಯುತ್ತಮ. ಹುಲ್ಲು ಕತ್ತರಿಸುವ ಯಂತ್ರ, ಮರ ಕೊಯ್ಯುವ ಗರಗಸ ಮೊದಲಾದವುಗಳಿಗೂ ಈ ಮಾತೇ ಸಲ್ಲುವುದು.

ಬೆಲೆಯ ವಿಚಾರ: ದಿನಕ್ಕೆ 4 ಲೀಟರು ಪೆಟ್ರೋಲು ಖರ್ಚಾಗುವುದೆಂದು ಎಣಿಸೋಣ. 40ಕ್ಕೆ 1ರ ಪ್ರಮಾಣದಲ್ಲಿ ಬೇಕಾಗುವ ಎಣ್ಣೆಯು 100 ಮಿಲಿಲೀಟರು ಮಾತ್ರ. ಒಳ್ಳೆಯ ಎಣ್ಣೆಗೆ ಲೀಟರಿಗೆ 100 ರೂಪಾಯಿ ಹೆಚ್ಚು ಕೊಟ್ಟರೂ ದಿನದ ಹೆಚ್ಚಿನ ಖರ್ಚು 10 ರೂಪಾಯಿ. ಸುಗ್ಗಿಗೆ ಮುಂಚೆ, ಹುಳುವಿನ ಕಾಟವಿರುವಾಗಲೇ ಯಂತ್ರವು ಕಚ್ಚಿ ನಿಂತರೆ ಆಗುವ ನಷ್ಟಕ್ಕೆ ಇದು ಯಾವ ಲೆಕ್ಕವೂ ಅಲ್ಲ.

5. ನೀರಿನಿಂದ ತಂಪಾಗುವ ದೋಣಿಯ ಮೋಟಾರು

ದೋಣಿಯ ಮೋಟಾರು ಹೊಳೆಯ ನೀರನ್ನೇ ಎಳೆದುಕೊಂಡು ತಂಪಾಗುವುದು. ಇದರ ಶಾಖವು ಸ್ಪ್ರೇಯರಿಗಿಂತ ಕಡಿಮೆ. ಆದರೆ ಭಾರವಾದ ದೋಣಿಯನ್ನು ಸೆಳವಿಗೆ ಎದುರಾಗಿ ನೂಕುತ್ತ ಬಹಳ ಹೊತ್ತು ದುಡಿಯಬೇಕಾದುದರಿಂದ ಇದರ ಕಷ್ಟವೇ ಬೇರೆ. ಎಣ್ಣೆಯಲ್ಲಿ ಲೋಹಾಂಶವಿದ್ದರೆ ಅದು ಬೂದಿಯಾಗಿ ಪ್ಲಗ್ಗಿನಲ್ಲಿಯೂ ಪಿಸ್ಟನ್ನಿನ ತಲೆಯಲ್ಲಿಯೂ ಕೂಡುವುದು. ಆ ಬೂದಿಯು ಕೆಂಡದಂತೆ ಕಾದು, ಕಿಡಿ ಹಾರುವ ಮೊದಲೇ ಮಿಶ್ರಣವನ್ನು ಹೊತ್ತಿಸಿ ಪಿಸ್ಟನ್ನನ್ನು ಕೆಡಿಸಬಹುದು. ಆದುದರಿಂದ ಟಿಸಿ-ಡಬ್ಲ್ಯು3 ಎಣ್ಣೆಯು ಬೂದಿಯಿಲ್ಲದ್ದಾಗಿರುವುದು. ತುಕ್ಕು ಹಿಡಿಯದಿರುವುದು, ಸ್ವಲ್ಪ ನೀರು ಬೆರೆತರೂ ಹೆಪ್ಪುಗಟ್ಟಿ ಜರಡಿಯನ್ನು ಕಟ್ಟದಿರುವುದು ಮುಂತಾದ ಪರೀಕ್ಷೆಗಳಲ್ಲಿ ಅದು ತೇರ್ಗಡೆಯಾಗಿರಬೇಕು.

ಇದರಿಂದ ಎರಡು ನಿಯಮಗಳು ಸಿದ್ಧಿಸುವುವು. ಸ್ಪ್ರೇಯರಿಗೆಂದು ತಂದ ಎಣ್ಣೆಯನ್ನು ದೋಣಿಗೆ ಹಾಕಬಾರದು. ಟಿಸಿ-ಡಬ್ಲ್ಯು3 ಗುರುತು ಮಾತ್ರವಿರುವ ದೋಣಿಯ ಎಣ್ಣೆಯನ್ನು ಸ್ಪ್ರೇಯರಿಗೆ ಹಾಕಬಾರದು. ದೋಣಿಯ ಎಣ್ಣೆಯಲ್ಲಿ ಹೊಗೆಯೂ ಕಡಿಮೆಯಿರಬೇಕಾದರೆ ಟಿಸಿ-ಡಬ್ಲ್ಯು3ರೊಡನೆ ಎಫ್‌ಸಿ ದರ್ಜೆಯ ಗುರುತೂ ಇರುವ ಡಬ್ಬಿಯನ್ನು ಹುಡುಕಿ ಕೊಳ್ಳತಕ್ಕದ್ದು.

ದೋಣಿಯ ಹೊಗೆಯು ಬಹುಮಟ್ಟಿಗೆ ನೀರಿನೊಳಗೇ ಬಿಡಲ್ಪಡುವುದರಿಂದ, ಉರಿಯದ ಎಣ್ಣೆಯು ಹೊಳೆಯ ಮೇಲೆ ಪೊರೆಯಾಗಿ ತೇಲುವುದು. ಅದೇ ನೀರನ್ನು ದನಗಳು ಕುಡಿಯುವುವು. ಅದರಲ್ಲಿಯೇ ಮೀನು ಬೆಳೆಯುವುವು. ಅಮೆರಿಕಾ ದೇಶದ ಟಾಹೋ ಸರೋವರದಲ್ಲಿ ನೀರಿನ ಶುದ್ಧತೆಗಾಗಿ 1999ರಲ್ಲಿ ಹಳೆಯ ಮಾದರಿಯ ಟೂ-ಸ್ಟ್ರೋಕ್ ದೋಣಿಯಂತ್ರಗಳಲ್ಲಿ ಬಹುತರವನ್ನು ನಿಷೇಧಿಸಿದರು. ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ಸೀಮೆಎಣ್ಣೆಯಿಂದ ನಡೆಯುವ ಔಟ್‌ಬೋರ್ಡ್ ಯಂತ್ರಗಳೂ ಉಂಟು. ಸೀಮೆಎಣ್ಣೆಯು ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗದುದರಿಂದ ಅವುಗಳ ಹೊಗೆಯು ಇನ್ನೂ ಹೆಚ್ಚು. ಅಂಥ ಯಂತ್ರಗಳಿಗೆ ತಯಾರಕರು ಹೇಳಿದ ಎಣ್ಣೆಯನ್ನೇ ಹಾಕಬೇಕು.

ಪ್ರವಾಹದ ಕಾಲಕ್ಕೆಂದು ಕಾದಿಟ್ಟ ಮೋಟಾರು ವರ್ಷದ ಬಹುಭಾಗ ಸುಮ್ಮನೆ ಇರುವುದು. ನೆರೆ ಬಂದ ದಿನ ಕೈಗೆ ಸಿಕ್ಕಿದ ಎಣ್ಣೆಯನ್ನು ಸುರಿದು ಹೊರಟರೆ, ನಡುಹೊಳೆಯಲ್ಲಿ ಯಂತ್ರವು ನಿಂತು ಜನರ ಪ್ರಾಣಕ್ಕೇ ಅಪಾಯವಾದೀತು. ತಕ್ಕ ಎಣ್ಣೆಯ ಡಬ್ಬಿಯನ್ನು ಮಳೆಗಾಲಕ್ಕೆ ಮುಂಚೆಯೇ ಮೋಟಾರಿನೊಡನೆ ಇಟ್ಟಿರತಕ್ಕದ್ದು.

6. ಅಳತೆ ಮತ್ತು ಬೆರಕೆ

“ಎಣ್ಣೆ ಹೆಚ್ಚಾದರೆ ಯಂತ್ರಕ್ಕೆ ಒಳ್ಳೆಯದು” ಎಂಬ ನಂಬಿಕೆಯು ತಪ್ಪು. ಹೆಚ್ಚಾದ ಎಣ್ಣೆಯು ಉರಿಯದೆ ಪ್ಲಗ್ಗಿಗೆ ಮಸಿ ಕಟ್ಟುವುದು, ಸೈಲೆನ್ಸರಿನ ರಂಧ್ರವನ್ನು ಮುಚ್ಚುವುದು, ಶಕ್ತಿಯನ್ನು ಕುಂದಿಸುವುದು. ಕಡಿಮೆಯಾದರೆ ಪಿಸ್ಟನ್ನು ಬೋರಿಗೆ ಕಚ್ಚುವುದು. ಯಂತ್ರದೊಡನೆ ಬಂದ ಪುಸ್ತಿಕೆಯಲ್ಲಿ ಹೇಳಿದ ಪ್ರಮಾಣವೇ ಸರಿ. 1 ಲೀಟರು ಪೆಟ್ರೋಲಿಗೆ ಬೇಕಾಗುವ ಎಣ್ಣೆ:

25ಕ್ಕೆ 1: 40 ಮಿಲಿಲೀಟರು.
40ಕ್ಕೆ 1: 25 ಮಿಲಿಲೀಟರು.
50ಕ್ಕೆ 1: 20 ಮಿಲಿಲೀಟರು.

ಎಣ್ಣೆಯು ಉತ್ತಮ ದರ್ಜೆಯದೆಂದು ತಾನಾಗಿಯೇ ಪ್ರಮಾಣವನ್ನು ಇಳಿಸಕೂಡದು. ಹೊಸ ಯಂತ್ರಕ್ಕೆ ಮೊದಲ ಕೆಲವು ತಾಸುಗಳು ಹೆಚ್ಚು ಎಣ್ಣೆ ಹಾಕಬೇಕೆಂದು ಪುಸ್ತಿಕೆಯಲ್ಲಿದ್ದರೆ ಹಾಗೆಯೇ ಮಾಡಿ, ಬಳಿಕ ಸಾಮಾನ್ಯ ಪ್ರಮಾಣಕ್ಕೆ ಬರಬೇಕು.

ಅಳೆಯಲು ಮಿಲಿಲೀಟರಿನ ಗೆರೆಗಳಿರುವ ಲೋಟವೊಂದನ್ನು ಇದಕ್ಕಾಗಿಯೇ ಇಡಬೇಕು. ಕೀಟನಾಶಕದ ಅಳತೆಯ ಮುಚ್ಚಳವನ್ನು ಉಪಯೋಗಿಸಬಾರದು. ಕ್ಯಾನಿನಲ್ಲಿ ಮೊದಲು ಅರ್ಧ ಪೆಟ್ರೋಲು ಹಾಕಿ, ಎಣ್ಣೆಯನ್ನು ಸುರಿದು, ಮುಚ್ಚಿ ಚೆನ್ನಾಗಿ ಕುಲುಕಿ, ಬಳಿಕ ಉಳಿದ ಪೆಟ್ರೋಲನ್ನು ಸೇರಿಸಿ ಮತ್ತೊಮ್ಮೆ ಕುಲುಕಬೇಕು. ಯಂತ್ರದ ಟ್ಯಾಂಕಿನಲ್ಲಿಯೇ ಬೇರೆ ಬೇರೆಯಾಗಿ ಸುರಿದರೆ ಎಣ್ಣೆಯು ತಳದಲ್ಲಿ ಕೂತು, ಮೊದಲು ವಿಪರೀತ ಹೊಗೆಯೂ ಆಮೇಲೆ ಎಣ್ಣೆಯ ಅಭಾವವೂ ಉಂಟಾಗುವುದು. ಮಿಶ್ರಣವನ್ನು ಕುಡಿಯುವ ನೀರಿನ ಬಾಟಲಿಗಳಲ್ಲಿ ತುಂಬಿಡಬಾರದು. ಮಕ್ಕಳು ತಿಳಿಯದೆ ಕುಡಿದಾರು.

ಟ್ರ್ಯಾಕ್ಟರಿನ ಇಂಜಿನ್ ಎಣ್ಣೆಯನ್ನಾಗಲಿ, ಅದರಿಂದ ತೆಗೆದ ಕರಿ ಎಣ್ಣೆಯನ್ನಾಗಲಿ, ಅಡಿಗೆಯ ಎಣ್ಣೆಯನ್ನಾಗಲಿ ಪೆಟ್ರೋಲಿಗೆ ಬೆರೆಸಲೇಕೂಡದು. ಬಾಡಿಗೆಗೆ ತಂದ ಸ್ಪ್ರೇಯರಾದರೆ, ಟ್ಯಾಂಕಿನಲ್ಲಿ ಉಳಿದಿರುವ ಹಳೆಯ ಮಿಶ್ರಣವನ್ನು ತೆಗೆದು, ತಾವು ಅಳೆದು ಬೆರೆಸಿದ್ದನ್ನೇ ಹಾಕುವುದು ಲೇಸು. ಯಂತ್ರವು ಟೂ-ಸ್ಟ್ರೋಕೋ ಫೋರ್-ಸ್ಟ್ರೋಕೋ ಎಂಬುದನ್ನೂ ಮೊದಲೇ ಕೇಳಿ ತಿಳಿಯಬೇಕು. ಎಣ್ಣೆಗೆ ಬೇರೆ ಮುಚ್ಚಳವಿದ್ದು ಅದರ ಮನೆಯು ಪ್ರತ್ಯೇಕವಾಗಿದ್ದರೆ ಅದು ಸಾಮಾನ್ಯವಾಗಿ ಫೋರ್-ಸ್ಟ್ರೋಕ್. ಅದರ ಪೆಟ್ರೋಲಿಗೆ ಎಣ್ಣೆ ಬೆರೆಸಬಾರದು.

7. ಹಳೆಯ ಮಿಶ್ರಣದ ಅಪಾಯ

ಈಗ ದೊರೆಯುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಸೇರಿರುವುದು. ಎಥನಾಲು ಗಾಳಿಯ ತೇವವನ್ನು ಹೀರಿಕೊಳ್ಳುವುದು. ಕ್ಯಾನಿನ ಮುಚ್ಚಳವು ಸಡಿಲವಾಗಿ ಬಹಳ ದಿನ ಇದ್ದರೆ, ಇಲ್ಲವೆ ಮಳೆಯ ನೀರು ಸೇರಿದರೆ, ಎಥನಾಲು ನೀರಿನೊಡನೆ ಬೇರ್ಪಟ್ಟು ತಳಕ್ಕಿಳಿಯುವುದು. ಆ ತಳದ ಪದರದಲ್ಲಿ ಎಣ್ಣೆಯ ಅಂಶವು ಇಲ್ಲವೆಂದೇ ಹೇಳಬಹುದು. ಟ್ಯಾಂಕಿನ ನಳಿಗೆಯು ತಳದಿಂದಲೇ ಹೀರುವುದರಿಂದ, ಎಂಥ ಉತ್ತಮ ಎಣ್ಣೆಯನ್ನು ಬೆರೆಸಿದ್ದರೂ ಯಂತ್ರಕ್ಕೆ ಅದು ದೊರೆಯದೆ ಪಿಸ್ಟನ್ನು ಕಚ್ಚುವುದು. ದೋಣಿಗೆ ಈ ಭಯವು ಹೆಚ್ಚು. ಆದಕಾರಣ ಆ ದಿನಕ್ಕೆ ಬೇಕಾದಷ್ಟನ್ನೇ ಬೆರೆಸುವುದು ಉತ್ತಮ. ಕೆಲಸದ ಕಾಲವು ತೀರಿದ ಬಳಿಕ ಟ್ಯಾಂಕನ್ನು ಬರಿದು ಮಾಡಿ, ಯಂತ್ರವು ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕು.

8. ಹೊಗೆಯ ಬಣ್ಣದಿಂದ ತಿಳಿಯುವ ಸಂಗತಿ

ಒಳ್ಳೆಯ ಎಣ್ಣೆಯನ್ನು ಅಳೆದು ಹಾಕಿದರೂ ಹೊಗೆಯು ನಿಲ್ಲದಿದ್ದರೆ ಯಂತ್ರವನ್ನು ಪರೀಕ್ಷಿಸಬೇಕು. ಚಾಲೂ ಮಾಡಿದ ಕೂಡಲೆ ಸ್ವಲ್ಪ ಹೊಗೆಯು ಸಹಜ. ಯಂತ್ರವು ಕಾದ ಮೇಲೂ ನೀಲಿಯ ಹೊಗೆ ಮುಂದುವರಿದರೆ ಎಣ್ಣೆಯು ಹೆಚ್ಚಾಗಿದೆ, ಅಥವಾ ಸೈಲೆನ್ಸರಿನಲ್ಲಿ ಹಳೆಯ ಎಣ್ಣೆಯ ಜಿಡ್ಡು ಉಳಿದಿದೆ. ಕಪ್ಪು ಹೊಗೆಯಾದರೆ ಪೆಟ್ರೋಲು ಹೆಚ್ಚಾಗಿ ಗಾಳಿ ಸಾಲದಾಗಿದೆ. ಚೋಕು ತೆರೆದಿದೆಯೇ, ಗಾಳಿಯ ಜರಡಿಯು ಧೂಳಿನಿಂದ ಕಟ್ಟಿದೆಯೇ ಎಂದು ನೋಡಬೇಕು. ನಮ್ಮ ಎರೆಭೂಮಿಯ ಧೂಳಿಗೆ ಈ ಜರಡಿಯು ಬೇಗನೆ ಕಟ್ಟುವುದು. ಬಿಳಿಯ ಆವಿಯು ಬಿಡದೆ ಬಂದರೆ ನೀರು ಸೇರಿರುವ ಸಂಶಯವುಂಟು.

9. ಹೊರುವವನ ಉಸಿರು

ಸ್ಪ್ರೇಯರಿನ ಸೈಲೆನ್ಸರಿಗೂ ಅದನ್ನು ಹೊತ್ತವನ ಮೂಗಿಗೂ ಬಹಳ ದೂರವಿಲ್ಲ. ಯಂತ್ರದ ಒಡೆಯನು ಬದುವಿನ ಮೇಲೆ ನಿಂತಿದ್ದರೂ ಕೂಲಿಯವನು ದಿನವಿಡೀ ಆ ಹೊಗೆಯೊಳಗೇ ನಡೆಯುವನು. ಎತ್ತರದ ತೊಗರಿಯ ಸಾಲುಗಳ ನಡುವೆ ಹೊಗೆಯು ಬೇಗನೆ ಚದುರದು. ಒಡೆಯನು ಎಣ್ಣೆಯಲ್ಲಿ ಉಳಿಸಿದ ಹತ್ತು ರೂಪಾಯಿಗೆ ಕೂಲಿಯವನ ಎದೆಯು ಬೆಲೆ ತೆರಬೇಕಾಗುವುದು ನ್ಯಾಯವಲ್ಲ.

ಹೊಗೆ ಕಡಿಮೆಯಾದ ಎಣ್ಣೆಯು ಕಣ್ಣಿಗೆ ಕಾಣುವ ಹೊಗೆಯನ್ನು ತಗ್ಗಿಸುವುದೇ ಹೊರತು, ಕಾಣದಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವನ್ನು ಇಲ್ಲದಂತೆ ಮಾಡದು, ಇದನ್ನು ಮರೆಯಬಾರದು. ಮುಖಕ್ಕೆ ಕಟ್ಟುವ ಬಟ್ಟೆಯೂ ಸಾಧಾರಣ ಮಾಸ್ಕೂ ಆ ಅನಿಲವನ್ನು ತಡೆಯವು. ಆದುದರಿಂದ ಮುಚ್ಚಿದ ಕೊಟ್ಟಿಗೆಯಲ್ಲಿ ಯಂತ್ರವನ್ನು ಚಾಲೂ ಮಾಡಕೂಡದು. ಸಿಂಪಡಿಸುವಾಗ ಗಾಳಿಗೆ ಅಡ್ಡಲಾಗಿ ನಡೆಯಬೇಕು. ಹೊರುವವರು ಸರದಿಯಂತೆ ಬದಲಾಗಬೇಕು. ತಲೆನೋವು, ಓಕರಿಕೆ, ತಲೆ ತಿರುಗುವಿಕೆಗಳು ಹೊಗೆಯಿಂದಲೂ ಬರಬಹುದು, ಕೀಟನಾಶಕದಿಂದಲೂ ಬರಬಹುದು. ಯಾವುದರಿಂದ ಬಂದಿತೆಂದು ಚರ್ಚಿಸುತ್ತ ನಿಲ್ಲದೆ, ಕೂಡಲೆ ಯಂತ್ರವನ್ನು ಇಳಿಸಿ, ಬಯಲಿಗೆ ಬಂದು, ವೈದ್ಯರಲ್ಲಿಗೆ ಹೋಗತಕ್ಕದ್ದು. ಕೀಟನಾಶಕದ ಡಬ್ಬಿಯನ್ನೂ ಜೊತೆಗೆ ಒಯ್ಯತಕ್ಕದ್ದು.

ಸಾರಾಂಶ

(1) ಗುರುತಿಲ್ಲದ ಬಿಡಿ ಎಣ್ಣೆಯನ್ನು ಕೊಳ್ಳಬೇಡಿರಿ.
(2) ಸ್ಪ್ರೇಯರಿಗೆ ಜಾಸೊ ಎಫ್‌ಸಿ ಅಥವಾ ಎಫ್‌ಡಿ. ದೋಣಿಗೆ ಟಿಸಿ-ಡಬ್ಲ್ಯು3, ಜೊತೆಗೆ ಎಫ್‌ಸಿ ಗುರುತಿದ್ದರೆ ಮತ್ತೂ ಲೇಸು.
(3) ಪುಸ್ತಿಕೆಯ ಪ್ರಮಾಣದಂತೆ ಅಳೆದು, ಕ್ಯಾನಿನಲ್ಲಿ ಬೆರೆಸಿ ಹಾಕಿರಿ.
(4) ಅಂದಂದಿನ ಮಿಶ್ರಣವನ್ನು ಅಂದಂದೇ ಉಪಯೋಗಿಸಿರಿ.
(5) ಗಾಳಿಯ ಜರಡಿ, ಪ್ಲಗ್ಗು, ಸೈಲೆನ್ಸರುಗಳನ್ನು ಶುಚಿಯಾಗಿಡಿರಿ.

ತಮ್ಮ ಯಂತ್ರಕ್ಕೆ ಯಾವ ಎಣ್ಣೆಯು ತಕ್ಕುದೆಂಬ ಸಂಶಯವುಳ್ಳವರು ಯಂತ್ರದ ಪುಸ್ತಿಕೆಯನ್ನೂ ಎಣ್ಣೆಯ ಡಬ್ಬಿಯನ್ನೂ ತೆಗೆದುಕೊಂಡು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ತೊಗರಿಯು ಮೊಗ್ಗು ಬಿಡುವುದಕ್ಕೆ ಮುಂಚೆಯೇ ಈ ಕೆಲಸವನ್ನು ಮುಗಿಸಿಕೊಂಡರೆ, ಸಿಂಪಡಿಸುವ ದಿನದಲ್ಲಿ ಅಂಗಡಿಗೆ ಓಡುವ ಪ್ರಮೇಯವು ಬಾರದು.